ಸೋಲಿಲ್ಲದ ಆಟ, ಗಡುವಿಲ್ಲದ ಕುಂಚ: ಬಣ್ಣ ತುಂಬುವ ವಿಡಿಯೊ ಗೇಮ್‌ಗಳ ಬಗ್ಗೆ ಆಟಗಾರರು ಏನೆನ್ನುತ್ತಾರೆ?

ಬಸರೀಕಟ್ಟೆ: ಜೂನ್‌ನಲ್ಲಿ ಹಿಡಿದ ಮಳೆ ಸೆಪ್ಟೆಂಬರ್‌ವರೆಗೂ ಸುಲಭವಾಗಿ ಬಿಡದ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಸೀಮೆಯಲ್ಲಿ ಮಳೆಗಾಲವೆಂದರೆ ಮನೆಯೊಳಗಿನ ಕಾಲ. ಆಷಾಢದ ದಿನಗಳನ್ನು ಚೆನ್ನೆಮಣೆ, ಇಸ್ಪೀಟು, ಬುಟ್ಟಿ ಹೆಣೆಯುವಿಕೆಗಳಲ್ಲಿ ಕಳೆಯುತ್ತಿದ್ದ ಮನೆಗಳಲ್ಲಿ ಇಂದು ಆ ಸ್ಥಾನವನ್ನು ಬಹುಮಟ್ಟಿಗೆ ಮೊಬೈಲ್ ಆಕ್ರಮಿಸಿದೆ. ಮಕ್ಕಳು ಗೇಮ್ ಆಡುತ್ತಾರೆಂದರೆ ಹಿರಿಯರ ಕಣ್ಣಮುಂದೆ ಬರುವುದು ಗುಂಡಿನ ಸದ್ದು, ಕಾರುಗಳ ಓಟ ಅಥವಾ ಹಣ ಕಳೆದುಕೊಂಡವರ ಸುದ್ದಿ. ಆದರೆ ಇದೇ ಪರದೆಯ ಮೇಲೆ ಶತ್ರುಗಳಿಲ್ಲದ, ಗಡುವಿಲ್ಲದ, ಸೋಲೆಂಬುದೇ ಇಲ್ಲದ ಮತ್ತೊಂದು ಬಗೆಯ ಆಟಗಳೂ ಬೆಳೆದು ನಿಂತಿವೆ. ಚಿತ್ರ ಬಿಡಿಸುವುದು, ಬಣ್ಣ ತುಂಬುವುದು, ಗೋಡೆಗೆ ಬಣ್ಣ ಬಳಿಯುವುದೇ ಇವುಗಳ ವಸ್ತು.

ಈ ಆಟಗಳು ಮನಸ್ಸಿಗೆ ನೆಮ್ಮದಿ ನೀಡುತ್ತವೆ ಎಂದು ಹೇಳುವ ಆಟಗಾರರ ಸಂಖ್ಯೆ ದೊಡ್ಡದು. ಬೇಸರ ತರಿಸಿದವು ಎನ್ನುವವರೂ ಇದ್ದಾರೆ. ಈ ಎರಡೂ ಅಭಿಪ್ರಾಯಗಳನ್ನು ಒಟ್ಟಿಗೆ ಇಟ್ಟು ನೋಡಿದರೆ, ನೆಮ್ಮದಿ ಬರುವುದು ಎಲ್ಲಿಂದ, ಅದು ಕೆಡುವುದು ಯಾವಾಗ ಎಂಬುದಕ್ಕೆ ಉತ್ತರ ದೊರೆಯುತ್ತದೆ.

ಬಗೆಬಗೆಯ ಕುಂಚಗಳು

ಈ ಆಟಗಳನ್ನು ಸ್ಥೂಲವಾಗಿ ಮೂರು ಬಗೆಯಾಗಿ ವಿಂಗಡಿಸಬಹುದು.

ಮೊದಲನೆಯದು, ಮೊಬೈಲ್‌ನಲ್ಲಿ ಹೆಚ್ಚು ಬಳಕೆಯಲ್ಲಿರುವ ಸಂಖ್ಯೆಯ ಪ್ರಕಾರ ಬಣ್ಣ ತುಂಬುವ ಆಟ. ಚಿತ್ರದ ಪ್ರತಿ ಭಾಗಕ್ಕೂ ಒಂದು ಸಂಖ್ಯೆ, ಪ್ರತಿ ಸಂಖ್ಯೆಗೂ ಒಂದು ಬಣ್ಣ. ಬೆರಳಿನಿಂದ ಒತ್ತಿದರೆ ಆ ಭಾಗ ತುಂಬಿಕೊಳ್ಳುತ್ತದೆ. ತಪ್ಪು ಬಣ್ಣ ಆರಿಸಿದರೆ ತುಂಬುವುದೇ ಇಲ್ಲ. ಇದರ ಮೂಲ ಮೊಬೈಲಿಗಿಂತ ಹಳೆಯದು. 1950ರ ದಶಕದ ಆರಂಭದಲ್ಲಿ ಅಮೆರಿಕದ ಡೆಟ್ರಾಯಿಟ್‌ನ ಪಾಮರ್ ಪೇಂಟ್ ಕಂಪನಿಯಲ್ಲಿದ್ದ ಕಲಾವಿದ ಡ್ಯಾನ್ ರಾಬಿನ್ಸ್ ರೂಪಿಸಿದ, ಸಂಖ್ಯೆ ನಮೂದಿಸಿದ ಚಿತ್ರಗಳ ಪೆಟ್ಟಿಗೆಗಳು ಅಲ್ಲಿ ಮನೆಮಾತಾಗಿದ್ದವು. ಇದು ಕಲೆಯಲ್ಲ ಎಂದು ವಿಮರ್ಶಕರು ಅಂದೇ ಟೀಕಿಸಿದ್ದರು. ಜನ ಮಾತ್ರ ಕೊಳ್ಳುವುದನ್ನು ಬಿಡಲಿಲ್ಲ.

ಎರಡನೆಯದು, ಕಥೆಯೊಳಗೆ ಚಿತ್ರಕಲೆಯನ್ನು ಬೆಸೆದ ಆಟ. 2019ರಲ್ಲಿ ಬಿಡುಗಡೆಯಾದ 'ಈಸ್ಟ್‌ಶೇಡ್'ನಲ್ಲಿ ಆಟಗಾರ ಒಬ್ಬ ಚಿತ್ರಕಾರ. ತಾಯಿ ಮೆಚ್ಚಿದ್ದ ದ್ವೀಪವೊಂದಕ್ಕೆ ಬಂದು ಅಲ್ಲಿನ ದೃಶ್ಯಗಳನ್ನು ಚಿತ್ರಿಸುವುದು ಅವನ ಕಾಯಕ. 2021ರ 'ಚಿಕೋರಿ' ಎಂಬ ಆಟದಲ್ಲಿ ಬಣ್ಣ ಕಳೆದುಕೊಂಡ ಇಡೀ ಲೋಕಕ್ಕೆ ಕುಂಚ ಹಿಡಿದು ಮತ್ತೆ ಬಣ್ಣ ಹಚ್ಚಬೇಕು. ಕಾಫಿ ಪುಡಿಯಲ್ಲಿ ಬೆರೆಸುವ ಚಿಕೋರಿಯಿಂದಾಗಿ ಈ ಹೆಸರು ನಮ್ಮ ಬೆಳೆಗಾರರಿಗೆ ಅಪರಿಚಿತವೇನಲ್ಲ. ಆಟದ ಪಾತ್ರಗಳಿಗೆಲ್ಲ ತಿನಿಸು, ಪಾನೀಯಗಳ ಹೆಸರುಗಳೇ ಇವೆ. ಸ್ವೀಡನ್‌ನ ಕಿರು ತಂಡವೊಂದು 2017ರಲ್ಲಿ ಹೊರತಂದ 'ಪಾಸ್‌ಪಾರ್ಟೂ' ಆಟದಲ್ಲಿ ಬಡ ಕಲಾವಿದನೊಬ್ಬ ತಾನು ಬಿಡಿಸಿದ ಚಿತ್ರಗಳನ್ನು ಬೀದಿಯಲ್ಲಿಟ್ಟು ಮಾರಿ ಹೊಟ್ಟೆ ಹೊರೆಯಬೇಕು.

ಮೂರನೆಯದು, ದುಡಿಮೆಯನ್ನೇ ಆಟವಾಗಿಸಿದ ಬಗೆ. ಪೋಲೆಂಡ್‌ನಲ್ಲಿ ತಯಾರಾಗಿ 2018ರಲ್ಲಿ ಬಂದ 'ಹೌಸ್ ಫ್ಲಿಪರ್' ಆಟದಲ್ಲಿ ಪಾಳು ಮನೆಗಳನ್ನು ಗುಡಿಸಿ, ಗೋಡೆಗೆ ಬಣ್ಣ ಬಳಿದು ಮಾರಲಾಗುತ್ತದೆ. 2022ರಲ್ಲಿ ಪೂರ್ಣರೂಪದಲ್ಲಿ ಬಿಡುಗಡೆಯಾದ ಬ್ರಿಟನ್ನಿನ 'ಪವರ್‌ವಾಷ್ ಸಿಮ್ಯುಲೇಟರ್'ನಲ್ಲಿ ನೀರಿನ ರಭಸದಿಂದ ಗೋಡೆಯ ಕೊಳೆಯನ್ನು ತೊಳೆಯುವುದಷ್ಟೇ ಕೆಲಸ. ಇದು ಬಣ್ಣ ಬಳಿಯುವುದರ ತಿರುವುಮುರುವು ಎನ್ನಬಹುದು.

ಮೆಚ್ಚುಗೆಯ ಹಿಂದಿನ ಕಾರಣ

ಮೆಚ್ಚಿದವರ ಮಾತುಗಳ ಸಾರ ಹೆಚ್ಚುಕಡಿಮೆ ಒಂದೇ: ಏನು ಮಾಡಬೇಕೆಂದು ಯೋಚಿಸಬೇಕಿಲ್ಲ, ತಪ್ಪಾದೀತೆಂಬ ಹೆದರಿಕೆಯಿಲ್ಲ, ಕೈ ಓಡಿದಷ್ಟೂ ಕೆಲಸ ಕಣ್ಣಿಗೆ ಕಾಣುತ್ತದೆ. ದಿನದ ದಣಿವಿನ ನಂತರ ಅರ್ಧ ಗಂಟೆ ಆಡಿದರೆ ಮನಸ್ಸು ಹಗುರಾಗುತ್ತದೆ ಎಂಬುದು ಅವರ ಅನುಭವ.

ಈ ಅನುಭವವನ್ನು ಸಂಶೋಧಕರು ಪರೀಕ್ಷೆಗೂ ಒಡ್ಡಿದ್ದಾರೆ. 2005ರಲ್ಲಿ ಅಮೆರಿಕದ ಕರಿ ಮತ್ತು ಕ್ಯಾಸರ್ ಎಂಬ ಸಂಶೋಧಕರು 84 ವಿದ್ಯಾರ್ಥಿಗಳಲ್ಲಿ ಮೊದಲು ಅಲ್ಪ ಕಾಲ ಆತಂಕ ಹುಟ್ಟಿಸಿ, ಬಳಿಕ ಅವರನ್ನು ಮೂರು ಗುಂಪುಗಳಾಗಿ ವಿಂಗಡಿಸಿದರು. ಒಂದು ಗುಂಪಿಗೆ ಮಂಡಲದ ವಿನ್ಯಾಸ, ಇನ್ನೊಂದಕ್ಕೆ ಚೌಕುಳಿ ವಿನ್ಯಾಸ, ಮೂರನೆಯದಕ್ಕೆ ಖಾಲಿ ಹಾಳೆಯನ್ನು ನೀಡಿ ಬಣ್ಣ ಹಚ್ಚಲು ತಿಳಿಸಲಾಯಿತು. ವಿನ್ಯಾಸವಿದ್ದ ಎರಡೂ ಗುಂಪುಗಳಲ್ಲಿ ಆತಂಕ ಗಮನಾರ್ಹವಾಗಿ ತಗ್ಗಿತು. ಖಾಲಿ ಹಾಳೆಯವರಲ್ಲಿ ಹಾಗಾಗಲಿಲ್ಲ. ಮುಂದಿನ ಪ್ರಯೋಗಗಳೆಲ್ಲ ಇದೇ ಫಲವನ್ನು ನೀಡಿಲ್ಲವಾದರೂ, ಪೂರ್ಣ ಸ್ವಾತಂತ್ರ್ಯಕ್ಕಿಂತ ಒಂದು ಚೌಕಟ್ಟು ದಣಿದ ಮನಸ್ಸಿಗೆ ಹೆಚ್ಚು ಆಸರೆಯಾಗಬಲ್ಲದು ಎಂಬ ಸೂಚನೆ ಇಲ್ಲಿದೆ.

ಆಟಗಾರರನ್ನು ಆಟದ ನಡುವೆಯೇ ಪ್ರಶ್ನಿಸಿದ ಅಧ್ಯಯನವೂ ಇದೆ. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 'ಪವರ್‌ವಾಷ್ ಸಿಮ್ಯುಲೇಟರ್'ನ ವಿಶೇಷ ಆವೃತ್ತಿಯ ಮೂಲಕ 39 ದೇಶಗಳ 8,695 ಆಟಗಾರರ ಮನಃಸ್ಥಿತಿಯನ್ನು ದಾಖಲಿಸಿದರು. 2024ರಲ್ಲಿ ಪ್ರಕಟವಾದ ಈ ಅಧ್ಯಯನದ ಪ್ರಕಾರ ಸುಮಾರು ಶೇ 72ರಷ್ಟು ಆಟಗಾರರಿಗೆ ಆಡುವಾಗ ಮನಸ್ಸು ಹಗುರಾಗುವ ಸಾಧ್ಯತೆಯಿದ್ದು, ಹೆಚ್ಚಿನ ಬದಲಾವಣೆ ಮೊದಲ 15 ನಿಮಿಷಗಳಲ್ಲೇ ಕಂಡುಬಂದಿತು. ಎರಡು ಸಂಗತಿಗಳನ್ನು ಮರೆಯುವಂತಿಲ್ಲ. ಆ ಬದಲಾವಣೆ ಸಣ್ಣದು. ಉತ್ತರಿಸಿದವರೆಲ್ಲ ಆ ಆಟವನ್ನು ತಾವಾಗಿಯೇ ಆರಿಸಿಕೊಂಡವರು. ಆದುದರಿಂದ ಇದನ್ನು ಔಷಧವೆಂದು ತಿಳಿಯುವುದು ಸಲ್ಲದು. ಆದರೆ ಮೊದಲ ಕಾಲು ಗಂಟೆಯಲ್ಲೇ ಹೆಚ್ಚಿನ ಫಲ ದೊರೆಯುವುದಾದರೆ, ಮೂರು ಗಂಟೆ ಆಡುವ ಅಗತ್ಯವಿಲ್ಲ ಎಂಬ ಪಾಠ ಹೆತ್ತವರಿಗೂ ಮಕ್ಕಳಿಗೂ ಉಪಯುಕ್ತ.

ದೂರುಗಳು ಹೇಳುವ ಸತ್ಯ

ಮೆಚ್ಚುಗೆಗಿಂತ ದೂರುಗಳೇ ಕೆಲವೊಮ್ಮೆ ಹೆಚ್ಚು ಕಲಿಸುತ್ತವೆ. 'ಹೌಸ್ ಫ್ಲಿಪರ್' ಆಟದ ಆರಂಭದಲ್ಲಿ ಗೋಡೆಗೆ ಒಂದು ಸಲಕ್ಕೆ ಒಂದೇ ಪಟ್ಟಿಯಷ್ಟು ಬಣ್ಣ ಬಳಿಯಲು ಸಾಧ್ಯ. ಕೈ ಪಳಗಿದಂತೆ ಅಗಲ ಹೆಚ್ಚುತ್ತದೆ. ಈ ಪಟ್ಟಿಪಟ್ಟಿಯಾಗಿ ಬಳಿಯುವ ಕೆಲಸವೇ ಕೆಲವರಿಗೆ ಧ್ಯಾನ, ಇನ್ನು ಕೆಲವರಿಗೆ ಶುದ್ಧ ಕೂಲಿ. ಒಂದೇ ಕೆಲಸ ಇಬ್ಬರಿಗೆ ಎರಡು ಬಗೆಯಾಗಿ ತೋರುವುದೇಕೆ?

ಇದಕ್ಕೆ ಉತ್ತರ ಹುಡುಕಲು ಪೋಲೆಂಡಿಗೆ ಹೋಗಬೇಕಿಲ್ಲ. ಅಡಿಕೆ ಕೊಯ್ಲಿನ ಕಾಲದಲ್ಲಿ ಮಲೆನಾಡಿನ ಯಾವುದೇ ಅಂಗಳಕ್ಕೆ ಹೋದರೆ ಸಾಕು. ಮೆಟ್ಟುಗತ್ತಿಯ ಮುಂದೆ ಕುಳಿತು ಅಡಿಕೆ ಸುಲಿಯುವವರ ಕೈ ತಾನೇ ತಾನಾಗಿ ಚಲಿಸುತ್ತದೆ, ಮಾತು, ಹಾಡು, ನಗೆ ಜೊತೆಗೂಡುತ್ತವೆ. ಮನೆಯವರು ಊಟದ ನಂತರ ಒಂದು ತಾಸು ಸುಲಿದರೆ ಅದು ಹೊತ್ತು ಕಳೆಯುವ ಬಗೆ. ಸುಲಿದ ಅಳತೆಯ ಲೆಕ್ಕಕ್ಕೆ ಕೂಲಿ ಪಡೆದು ನಡುರಾತ್ರಿಯವರೆಗೆ ಕೂರುವವರಿಗೆ ಅದೇ ಕೆಲಸ ಸೊಂಟನೋವು, ಬೆರಳಿನ ಗಾಯ. ಕೈಯ ಚಲನೆ ಎರಡೂ ಕಡೆ ಒಂದೇ. ಬೇಕೆಂದಾಗ ಎದ್ದು ಹೋಗುವ ಸ್ವಾತಂತ್ರ್ಯ ಮಾತ್ರ ಒಂದೇ ಅಲ್ಲ. ಬಣ್ಣದ ಆಟ ನೆಮ್ಮದಿ ನೀಡುವುದೂ ಆ ಸ್ವಾತಂತ್ರ್ಯವಿದ್ದಾಗ ಮಾತ್ರ. 'ಇಂದು ಆಡದಿದ್ದರೆ ಬಹುಮಾನ ತಪ್ಪುತ್ತದೆ' ಎಂದು ಮೊಬೈಲ್ ಎಚ್ಚರಿಸತೊಡಗಿದ ಕ್ಷಣದಲ್ಲಿ ಆಟವೂ ಕೂಲಿಯಾಗಿಬಿಡುತ್ತದೆ.

'ಪಾಸ್‌ಪಾರ್ಟೂ' ಬಗೆಗಿನ ತಕರಾರು ಬೇರೆಯದು. ಗಮನವಿಟ್ಟು ಬಿಡಿಸಿದ ಚಿತ್ರವನ್ನು ಗಿರಾಕಿಗಳು ತಿರಸ್ಕರಿಸಿ, ಗೀಚಿದ್ದನ್ನು ಕೊಂಡುಕೊಂಡಾಗ ಅವರ ಅಳತೆಗೋಲು ಯಾವುದೆಂದು ತಿಳಿಯುವುದಿಲ್ಲ. ಕೆಲವರು ಇದನ್ನು ಕಲಾಪ್ರಪಂಚದ ಮೇಲಿನ ವಿಡಂಬನೆಯೆಂದು ಆನಂದಿಸಿದರೆ, ವಿಶ್ರಾಂತಿ ಬಯಸಿ ಬಂದವರಿಗೆ ಅದು ಕಿರಿಕಿರಿ. 'ಈಸ್ಟ್‌ಶೇಡ್'ನಲ್ಲಿ ಆಟಗಾರ ಕುಂಚ ಆಡಿಸುವುದೇ ಇಲ್ಲ. ದೃಶ್ಯವನ್ನು ಚೌಕಟ್ಟಿಗೆ ಹೊಂದಿಸಿದರೆ ಚಿತ್ರ ತಾನೇ ಮೂಡುತ್ತದೆ. ಇದು ಛಾಯಾಗ್ರಹಣವೇ ಹೊರತು ಚಿತ್ರಕಲೆಯಲ್ಲ ಎಂಬ ಆಕ್ಷೇಪಕ್ಕೆ, ಚಿತ್ರ ಬಿಡಿಸಲು ಬಾರದವನಿಗೂ ನೋಡುವ ಕಣ್ಣನ್ನು ಕೊಡುವುದೇ ಅದರ ಉದ್ದೇಶ ಎಂಬುದು ಅಭಿಮಾನಿಗಳ ಉತ್ತರ.

ಉಚಿತ ಮೊಬೈಲ್ ಆಟಗಳ ವಿಷಯದಲ್ಲಿ ಮಾತ್ರ ದೂರು ಸರ್ವಸಮ್ಮತ: ಜಾಹೀರಾತು. ಒಂದು ಚಿತ್ರ ಮುಗಿಸುವಷ್ಟರಲ್ಲಿ ಹಲವು ಬಾರಿ ಅಡ್ಡಬರುವ ಜಾಹೀರಾತು, ಉಳಿದ ಚಿಕ್ಕ ಭಾಗ ಎಲ್ಲಿದೆಯೆಂಬ ಸುಳಿವಿಗೆ ಮತ್ತೊಂದು ಜಾಹೀರಾತು, ಅವನ್ನು ತೆಗೆಸಲು ಚಂದಾ. ನೆಮ್ಮದಿ ಅರಸಿ ಬಂದವನ ಗಮನವೇ ಇಲ್ಲಿ ಮಾರಾಟದ ಸರಕು.

ನೆರೆಯ ಗೋಡೆಯ ಚಿತ್ತಾರ

ಚೌಕಟ್ಟಿನೊಳಗೆ ಕೈಯಾಡಿಸುವ ಸುಖ ಮಲೆನಾಡಿಗೆ ಹೊಸದಲ್ಲ. ನೆರೆಯ ಶಿವಮೊಗ್ಗ ಜಿಲ್ಲೆಯ ಸಾಗರ, ಸೊರಬ ಭಾಗದಲ್ಲಿ ದೀವರ ಸಮುದಾಯದ ಹೆಣ್ಣುಮಕ್ಕಳು ಮದುವೆ ಮನೆಯ ಗೋಡೆಯ ಮೇಲೆ ಬಿಡಿಸುತ್ತ ಬಂದಿರುವ ಹಸೆ ಚಿತ್ತಾರ ಇದಕ್ಕೆ ಉತ್ತಮ ನಿದರ್ಶನ. ಕೆಮ್ಮಣ್ಣು ಸಾರಿಸಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿ, ಹುರಿದು ಕರಕಾಗಿಸಿದ ಅಕ್ಕಿಯ ಕಪ್ಪು, ಕಾಡಿನ ಕಾಯಿಯಿಂದ ತೆಗೆದ ಹಳದಿ. ಕುಂಚವಾಗಿ ಪುಂಡಿ ನಾರು. ಎಳೆಗಳು ಒಂದರ ಪಕ್ಕ ಒಂದು ಸಮಾನಾಂತರವಾಗಿ ಸಾಗಿ ಚೌಕಗಳಾಗುತ್ತವೆ, ಚೌಕಗಳ ನಡುವೆ ಮದುಮಕ್ಕಳ ರೂಪಗಳು ಮೂಡುತ್ತವೆ. ಭೂಮಿ ಹುಣ್ಣಿಮೆಯಂದು ಹೊಲಕ್ಕೆ ಒಯ್ಯುವ ಬುಟ್ಟಿಯ ಮೇಲೂ ಇದೇ ಚಿತ್ತಾರ. ವಿನ್ಯಾಸ ಹಿರಿಯರಿಂದ ಬಂದದ್ದಾದುದರಿಂದ ಏನು ಬಿಡಿಸಬೇಕೆಂಬ ಚಿಂತೆಯಿಲ್ಲ. ಕೈಗೆ ಕೆಲಸ, ಮನಸ್ಸಿಗೆ ಬಿಡುವು. ಕೊಪ್ಪ ಸೀಮೆಯಲ್ಲಿ ಮಳೆಗೆ ಅಂಗಳದ ರಂಗೋಲಿ ನಿಲ್ಲದಿದ್ದಾಗ ಹೊಸ್ತಿಲಿನ ಮೇಲೆ ಎಳೆಯುವ ನಾಲ್ಕು ಎಳೆಗಳಲ್ಲೂ ಇದೇ ಗುಣವಿದೆ.

ಆದರೆ ಎರಡನ್ನೂ ಸರಿಸಮಾನವೆನ್ನುವುದು ಉಚಿತವಲ್ಲ. ಗೋಡೆಯ ಚಿತ್ತಾರಕ್ಕೆ ಜೊತೆಗಾರ್ತಿಯರಿದ್ದಾರೆ, ಹಾಡಿದೆ, ನೋಡುವ ನೆಂಟರಿದ್ದಾರೆ, ಬಿಡಿಸುವುದಕ್ಕೊಂದು ಸಂದರ್ಭವಿದೆ. ತಪ್ಪಿದ ಎಳೆಯನ್ನು ಅಳಿಸುವುದು ಸುಲಭವಲ್ಲದ ಕಾರಣ ಕೈ ಪಳಗುತ್ತದೆ. ಸಂಖ್ಯೆಯ ಆಟದಲ್ಲಿ ತಪ್ಪಿಗೆ ಅವಕಾಶವಿಲ್ಲ. ಆದುದರಿಂದ ನೂರು ಚಿತ್ರ ಮುಗಿಸಿದ ಮೇಲೂ ಕೈ ಕಲಿತದ್ದು ಅತ್ಯಲ್ಪ. ಇನ್ನೊಂದು ಕಡೆ, ಮಣ್ಣಿನ ಗೋಡೆಯಿಲ್ಲದ ನಗರದ ಬಾಡಿಗೆ ಮನೆಯವರಿಗೆ, ಬೆರಳು ನಡುಗುವ ವೃದ್ಧರಿಗೆ, ಹಾಸಿಗೆ ಹಿಡಿದ ರೋಗಿಗೆ ಬಣ್ಣದ ಸುಖವನ್ನು ತಲುಪಿಸುವ ಶಕ್ತಿ ಪರದೆಗಿದೆ. ಮಕ್ಕಳು ಬೆಂಗಳೂರು ಸೇರಿದ ಬಳಿಕ ತೋಟದ ಮನೆಗಳಲ್ಲಿ ಒಂಟಿಯಾಗಿ ಉಳಿದ ಹಿರಿಯರು ಹೆಚ್ಚುತ್ತಿರುವ ಈ ಭಾಗದಲ್ಲಿ ಇದು ಸಣ್ಣ ಮಾತಲ್ಲ.

ಅಭಿಪ್ರಾಯಗಳನ್ನು ಓದುವ ಬಗೆ

ಇಂಥ ಆಟವನ್ನು ಕೊಳ್ಳುವ ಮುನ್ನ ಆಟಗಾರರ ಅಭಿಪ್ರಾಯಗಳನ್ನು ಓದುವುದು ಒಳ್ಳೆಯದೇ. ಆದರೆ ಸರಾಸರಿ ಅಂಕವೊಂದನ್ನೇ ನೋಡುವುದು ಸಾಲದು. ಕಂಪ್ಯೂಟರ್ ಆಟಗಳ ದೊಡ್ಡ ಮಾರಾಟ ತಾಣವಾದ ಸ್ಟೀಮ್‌ನಲ್ಲಿ ಅಭಿಪ್ರಾಯ ನೀಡಿದವರು ಎಷ್ಟು ಗಂಟೆ ಆಡಿದ್ದಾರೆಂಬ ವಿವರವೂ ಇರುತ್ತದೆ. ಅರ್ಧ ಗಂಟೆ ಆಡಿದವರ ಬೈಗುಳಕ್ಕಿಂತ ನೂರು ಗಂಟೆ ಆಡಿ ದೂರುವವರ ಮಾತಿಗೆ ತೂಕ ಹೆಚ್ಚು. ಆಟ ಒಗ್ಗದಿದ್ದರೆ, ಖರೀದಿಸಿದ 14 ದಿನಗಳೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದಲ್ಲಿ ಹಣ ಹಿಂಪಡೆಯುವ ವ್ಯವಸ್ಥೆ ಅಲ್ಲಿ 2015ರಿಂದ ಜಾರಿಯಲ್ಲಿದೆ. ಮೊಬೈಲ್ ಆಟವಾದರೆ ಪ್ಲೇ ಸ್ಟೋರ್‌ನ ವಿವರಣೆಯಲ್ಲಿ ಜಾಹೀರಾತು ಹಾಗೂ ಆಟದೊಳಗಿನ ಖರೀದಿಗಳ ಬಗ್ಗೆ ಸೂಚನೆಯಿದೆಯೇ ಎಂಬುದನ್ನು ಗಮನಿಸಬೇಕು. ಸಿಗ್ನಲ್‌ಗಾಗಿ ಗುಡ್ಡ ಹತ್ತಿದ ಅನುಭವವಿರುವ ಮಲೆನಾಡಿನವರು, ಅಂತರ್ಜಾಲವಿಲ್ಲದೆಯೂ ಆಟ ನಡೆಯುತ್ತದೆಯೇ ಎಂಬುದನ್ನೂ ಮೊದಲೇ ವಿಚಾರಿಸಿಕೊಳ್ಳುವುದು ಮೇಲು.

ಹಣವನ್ನು ಪಣಕ್ಕಿಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಮಸೂದೆಗೆ ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕಾರ ನೀಡಿತು. ಪಣವಿಲ್ಲದ ಬಣ್ಣದ ಆಟಗಳು ಆ ಸಾಲಿಗೆ ಸೇರುವುದಿಲ್ಲ. ಮಗ ಅಥವಾ ಮಗಳು ಮೊಬೈಲ್ ಹಿಡಿದು ಕುಳಿತಾಗ ಎಲ್ಲ ಆಟಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ಬದಲು ಮೂರು ಪ್ರಶ್ನೆಗಳನ್ನು ಕೇಳಬಹುದು: ಇದರಲ್ಲಿ ತಪ್ಪಿದರೆ ಹೆದರಿಕೆಯಿದೆಯೇ? ಬೇಕೆಂದಾಗ ನಿಲ್ಲಿಸಲು ಆಟ ಬಿಡುತ್ತದೆಯೇ? ನಿಲ್ಲಿಸಿದ ಮೇಲೆ ಮನಸ್ಸು ಹಗುರಾಗಿದೆಯೇ, ಇನ್ನಷ್ಟು ಆಡಬೇಕೆಂದು ಚಡಪಡಿಸುತ್ತದೆಯೇ?

ಈ ಪ್ರಶ್ನೆಗಳಿಗೆ ಸರಿಯಾದ ಉತ್ತರ ದೊರೆತರೆ ಆಟ ಆಡಿದ ಹೊತ್ತು ವ್ಯರ್ಥವಲ್ಲ. ಪರದೆಯ ಮೇಲಿನ ಬಣ್ಣ ರುಚಿಸಿದ ಮಗುವಿಗೆ ಒಂದು ಹಾಳೆ, ನಾಲ್ಕು ಬಣ್ಣದ ಪೆನ್ಸಿಲ್ ಒದಗಿಸಿದರೆ ಹಿರಿಯರ ಪಾಲಿನ ಕೆಲಸವೂ ಆರಂಭವಾದಂತೆ. ತಪ್ಪು ಎಳೆಯಲು ಅವಕಾಶವಿರುವುದು ಆ ಹಾಳೆಯಲ್ಲಿಯೇ.