ತಪ್ಪು ಹುಡುಕುವವರ ಸೇವೆ

ಶಿಕಾರಿಪುರ, ಸೊರಬ ಸೀಮೆಗಳ ನಮ್ಮ ವಿದ್ಯಾರ್ಥಿನಿಯರಲ್ಲಿ ಕೆಲವರು ಬೆಂಗಳೂರಿಗೆ ಹೋಗಿ ತಂತ್ರಾಂಶದ ಪರೀಕ್ಷಕಿಯರಾಗುವುದುಂಟು. ಬರೆಯುವವರ ಕೆಲಸವು ಮೇಲು, ತಪ್ಪು ಹುಡುಕುವವರದು ಕೀಳು ಎಂದು ತಾಯ್ತಂದೆಯರು ಭಾವಿಸುವುದನ್ನು ನಾವು ಕಂಡಿದ್ದೇವೆ. ಈ ಭಾವನೆಯು ಸರಿಯಲ್ಲವೆಂದು ತಿಳಿಸುವುದೇ ನಮ್ಮ ಉದ್ದೇಶ.

ಗಣಕಯಂತ್ರಕ್ಕೆ ಕ್ರಮವಾಗಿ ಕೊಡಲ್ಪಡುವ ಆಜ್ಞೆಗಳ ಸಮೂಹವೇ ತಂತ್ರಾಂಶ. ಶಾಲೆಯ ಅಂಕಪಟ್ಟಿಯನ್ನು ಸಿದ್ಧಪಡಿಸುವ ತಂತ್ರಾಂಶವೊಂದನ್ನು ತೆಗೆದುಕೊಳ್ಳೋಣ. ಬರೆದವನು 45, 62 ಎಂಬ ಅಂಕಗಳನ್ನು ತುಂಬಿ, ಮೊತ್ತವು ಸರಿಬಂದರೆ ತೃಪ್ತನಾಗಬಹುದು. ಪರೀಕ್ಷಕಿಯಾದರೋ 0, 100, 101 ಎಂಬ ಅಂಚಿನ ಸಂಖ್ಯೆಗಳನ್ನು ತುಂಬುವಳು. ಸ್ಥಳವನ್ನು ಬರಿದಾಗಿಯೂ ಬಿಟ್ಟು ನೋಡುವಳು. ಜ್ವರದಿಂದ ಪರೀಕ್ಷೆಗೆ ಬಾರದ ಬಾಲಿಕೆಯನ್ನು ಯಂತ್ರವು ಸೊನ್ನೆ ಪಡೆದವಳೆಂದೆಣಿಸಿದರೆ, ಆ ಮಗುವಿಗೊದಗುವ ಅನ್ಯಾಯವನ್ನು ತಡೆಯತಕ್ಕವಳು ಇವಳೇ. ತಪ್ಪು ಯಾವ ಹೆಜ್ಜೆಯಲ್ಲಿ ಕಂಡಿತೆಂಬುದನ್ನು ಇತರರಿಗೆ ತಿಳಿಯುವಂತೆ ಬರೆದಿಡುವುದೂ, ತಿದ್ದಿದ ಬಳಿಕ ಬೇರೆಲ್ಲಿಯೂ ಕೆಟ್ಟಿಲ್ಲವೆಂದು ಪುನಃ ನೋಡುವುದೂ ಅವಳ ಕರ್ತವ್ಯವಾಗಿದೆ.

ಇದು ಸಣ್ಣ ಮಾತೆಂದು ಯಾರೂ ತಿಳಿಯಬಾರದು. 2019ನೆಯ ಇಸವಿ ಸೆಪ್ಟೆಂಬರಿನಲ್ಲಿ ಚಂದ್ರಯಾನ-2ರ ಇಳಿನೌಕೆಯು ಚಂದ್ರನಿಗೆ ಅಪ್ಪಳಿಸಿ ನಾಶವಾಯಿತು. ಎಂಜಿನುಗಳ ಬಲವು ಎಣಿಸಿದುದಕ್ಕಿಂತ ಹೆಚ್ಚಾಗಿತ್ತು; ನೌಕೆಯು ಬೇಗನೆ ತಿರುಗಿ ತನ್ನನ್ನು ಸರಿಪಡಿಸಿಕೊಳ್ಳಲು ತಂತ್ರಾಂಶದಲ್ಲಿಟ್ಟಿದ್ದ ಮಿತಿಯು ಅಡ್ಡಿಯಾಯಿತು. ಇಸ್ರೋ ಸಂಸ್ಥೆಯವರು ಎದೆಗುಂದಲಿಲ್ಲ. ಏನೇನು ಕೆಡಬಹುದೆಂದು ಮುಂದಾಗಿಯೇ ಯೋಚಿಸಿ ತಂತ್ರಾಂಶವನ್ನು ತಿದ್ದಿದರು. ಹೆಲಿಕಾಪ್ಟರಿನ ಸಹಾಯದಿಂದಲೂ ಎತ್ತರದ ಕ್ರೇನಿನ ಸಹಾಯದಿಂದಲೂ ಪರೀಕ್ಷೆಗಳನ್ನು ನಡೆಯಿಸಿದರು. 2023ನೆಯ ಇಸವಿ ಆಗಸ್ಟ್ 23ರಂದು ಚಂದ್ರಯಾನ-3 ಸುರಕ್ಷಿತವಾಗಿ ಚಂದ್ರನ ಮೇಲಿಳಿಯಿತು.

ಪರೀಕ್ಷಕಿಯನ್ನು ಕಡೆಯ ದಿನ ಕರೆದರೆ ಸಾಲದು. ಸೊರಬದ ಗುಡಿಗಾರರು ಶ್ರೀಗಂಧದ ಕೆತ್ತನೆಗೆ ಹೆಸರಾದವರಷ್ಟೆ. ಮರದಲ್ಲಿರುವ ಬಿರುಕು ಕೆತ್ತುವುದಕ್ಕೆ ಮೊದಲೇ ಕಂಡರೆ ಬೇರೆ ತುಂಡನ್ನು ಆರಿಸಬಹುದು. ಕೆತ್ತಿ ಮುಗಿದ ಮೇಲೆ ಕಂಡರೆ ದುಡಿಮೆಯೆಲ್ಲ ವ್ಯರ್ಥ. ಆದುದರಿಂದ ಕೆಲಸದ ಯೋಜನೆಯನ್ನು ಹಾಕುವ ದಿನವೇ ಆಕೆಯು ತಂಡದಲ್ಲಿ ಕುಳಿತು, “ಹೀಗಾದರೆ ಏನು ಗತಿ?” ಎಂದು ಕೇಳತಕ್ಕದ್ದು.

ಹೀಗೆ ಕೇಳುವುದಕ್ಕೆ ಧೈರ್ಯವು ಬೇಕು. ಎಲ್ಲರೂ ಅವಸರಪಡುತ್ತಿರುವಾಗ “ಇನ್ನೂ ಸಿದ್ಧವಾಗಿಲ್ಲ” ಎನ್ನುವವಳು ಯಾರಿಗೂ ಪ್ರಿಯಳಾಗಳು. ಆದರೂ ತಪ್ಪನ್ನು ತೋರಿಸಬೇಕೇ ಹೊರತು ತಪ್ಪು ಮಾಡಿದವನನ್ನು ಹಳಿಯಕೂಡದು. ಸತ್ಯವನ್ನು ಪ್ರೀತಿಯಿಂದ ನುಡಿಯುವ ಅಭ್ಯಾಸವನ್ನು ನಮ್ಮ ಬಾಲಿಕೆಯರು ಈ ಶಾಲೆಯಲ್ಲಿಯೇ ಕಲಿತುಕೊಂಡು ಹೋಗಲೆಂಬುದೇ ನಮ್ಮ ಪ್ರಾರ್ಥನೆ.