ನಾಲ್ಕು ನಾಡು, ಒಂದೇ ನಿಯಮ

1884ರ ಮಾರ್ಚ್ 15. ಸ್ಕಾಟ್ಲೆಂಡಿನ ಗ್ಲಾಸ್ಗೊ ನಗರ. ಕ್ಯಾತ್‌ಕಿನ್ ಪಾರ್ಕ್ ಮೈದಾನದ ಸುತ್ತ ಸುಮಾರು ಹತ್ತು ಸಾವಿರ ಜನ ನೆರೆದಿದ್ದಾರೆ. ಎದುರಾಳಿ ಪಕ್ಕದ ಇಂಗ್ಲೆಂಡ್.

ಇಂದಿನ ಕಣ್ಣಿಗೆ ಆ ಮೈದಾನ ಬೋಳುಬೋಳು. ಗೋಲಿನ ಹಿಂದೆ ಬಲೆಯಿಲ್ಲ. ಚೆಂಡು ಕಂಬದ ಒಳಗೆ ಹೋಯಿತೋ ಹೊರಗೆ ಹೋಯಿತೋ ಎಂಬುದು ಕಣ್ಣಳತೆಗೆ ಬಿಟ್ಟದ್ದು. ನಡುವೆ ವೃತ್ತವಿಲ್ಲ, ಗೋಲಿನ ಮುಂದೆ ಪೆನಾಲ್ಟಿ ಚೌಕವಿಲ್ಲ, ಪೆನಾಲ್ಟಿ ಎಂಬ ಶಿಕ್ಷೆಯೇ ಇನ್ನೂ ಹುಟ್ಟಿಲ್ಲ. ಚೆಂಡು ಹಿಡಿದ ಗೋಲ್‌ಕೀಪರನನ್ನು ಎದುರಾಳಿ ಭುಜ ಕೊಟ್ಟು ದಬ್ಬಬಹುದು. ಒಳಗೆ ಇಬ್ಬರು ಅಂಪೈರುಗಳು, ತಂಡಕ್ಕೊಬ್ಬರಂತೆ. ಆಟಗಾರ ಕೇಳಿಕೊಂಡರೆ ಮಾತ್ರ ಅವರು ತೀರ್ಪು ಕೊಡುತ್ತಾರೆ. ಇಬ್ಬರಿಗೂ ಹೊಂದದಿದ್ದರೆ ಗೆರೆಯಾಚೆ ನಿಂತ ರೆಫರಿಯ ಮಾತೇ ಕೊನೆ.

ಅಂದು ಬಿದ್ದದ್ದು ಒಂದೇ ಗೋಲು. ಹೊಡೆದವನು ಸ್ಕಾಟ್ಲೆಂಡಿನ ಜಾನ್ ಸ್ಮಿತ್.

ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್, ಐರ್ಲೆಂಡ್ ಸೇರಿ ಆಡಿದ ಮೊದಲ ಟೂರ್ನಿಯ ಪಂದ್ಯವಿದು. ದೇಶ ದೇಶಗಳ ನಡುವಿನ ಫುಟ್‌ಬಾಲ್ ಟೂರ್ನಿಗಳಲ್ಲಿ ಇದೇ ಹಿರಿಯದು. ಜನವರಿ 26ರಂದು ಬೆಲ್‌ಫಾಸ್ಟ್‌ನಲ್ಲಿ ಸ್ಕಾಟ್ಲೆಂಡ್ 5–0ಯಿಂದ ಐರ್ಲೆಂಡನ್ನು ಸೋಲಿಸಿದಲ್ಲಿಂದ ಶುರುವಾಗಿ, ಮಾರ್ಚ್ 29ರಂದು ಅದೇ ಸ್ಕಾಟ್ಲೆಂಡ್ 4–1ರಿಂದ ವೇಲ್ಸನ್ನು ಮಣಿಸುವುದರೊಂದಿಗೆ ಮುಗಿಯಿತು. ಒಟ್ಟು ಆರು ಪಂದ್ಯ, ಮೂವತ್ತು ಗೋಲು. ಆಡಿದ ಮೂರನ್ನೂ ಗೆದ್ದ ಸ್ಕಾಟ್ಲೆಂಡ್ ಅಗ್ರಸ್ಥಾನಕ್ಕೇರಿತು.

ಆದರೆ ಈ ಆಟ ಸಾಧ್ಯವಾದದ್ದು ಮೈದಾನಕ್ಕಿಂತ ಮೊದಲು ಮಾತುಕತೆಯ ಮೇಜಿನಲ್ಲಿ. ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ 1872ರಿಂದಲೇ ಎದುರುಬದುರಾಗುತ್ತಿದ್ದವು. ಇಂಗ್ಲೆಂಡಿನವರು ಚೆಂಡನ್ನು ಕಾಲಿಗೆ ಅಂಟಿಸಿಕೊಂಡು ಒಬ್ಬೊಬ್ಬರೇ ನುಗ್ಗಿದರೆ, ಸ್ಕಾಟ್ಲೆಂಡಿನವರು ಕಾಲಿಂದ ಕಾಲಿಗೆ ಚೆಂಡು ಸಾಗಿಸುತ್ತಿದ್ದರು. ಶೈಲಿ ಬೇರೆಯಾದರೆ ಆಟಕ್ಕೆ ರುಚಿ. ನಿಯಮವೇ ಬೇರೆಯಾದರೆ ಜಗಳ. ಅಂಚಿನಿಂದ ಚೆಂಡೆಸೆಯುವುದಕ್ಕೂ ಇವರದೊಂದು ಪದ್ಧತಿ, ಅವರದೊಂದು. 1882ರ ಡಿಸೆಂಬರ್ 6ರಂದು ಮ್ಯಾಂಚೆಸ್ಟರಿನಲ್ಲಿ ನಾಲ್ಕೂ ನಾಡಿನ ಫುಟ್‌ಬಾಲ್ ಸಂಸ್ಥೆಗಳವರು ಕೂತು ಬಗೆಹರಿಸಿಕೊಂಡರು: ಚೆಂಡನ್ನು ಎರಡೂ ಕೈಯಿಂದ ಎಸೆಯಬೇಕು, ಗೋಲುಕಂಬಗಳ ಮೇಲೆ ಅಡ್ಡಪಟ್ಟಿ ಇರಲೇಬೇಕು, ಮೈದಾನದ ಎಲ್ಲೆಯನ್ನು ಗುರುತಿಸಬೇಕು. ಇವತ್ತು ಜಗತ್ತೆಲ್ಲ ಪಾಲಿಸುವ ನಿಯಮಗಳನ್ನು ನೋಡಿಕೊಳ್ಳುವ ಮಂಡಳಿ 1886ರಲ್ಲಿ ಹುಟ್ಟಿದ್ದು ಇದೇ ಒಪ್ಪಂದದ ಬೆನ್ನಿಗೆ.

ಆ ಮೊದಲ ವರ್ಷ ನನ್ನ ಮನಸ್ಸನ್ನು ಹಿಡಿದಿಡುವ ತಂಡ ಗೆದ್ದ ಸ್ಕಾಟ್ಲೆಂಡ್ ಅಲ್ಲ, ಸೋತ ಐರ್ಲೆಂಡ್. ಸ್ಕಾಟ್ಲೆಂಡಿನ ಎದುರು ಐದು, ವೇಲ್ಸಿನ ಎದುರು ಆರು, ಇಂಗ್ಲೆಂಡಿನ ಎದುರು ಎಂಟು: ಹತ್ತೊಂಬತ್ತು ಗೋಲು ಬಿಟ್ಟುಕೊಟ್ಟು ಹೊಡೆದದ್ದು ಒಂದೇ ಒಂದು. ಆದರೂ ‘ನೀವು ಸಾಲದು, ಮುಂದಿನ ವರ್ಷ ಬರಬೇಡಿ’ ಎಂದು ಯಾರೂ ಹೇಳಲಿಲ್ಲ. ಅವರೂ ಹಿಂಜರಿಯಲಿಲ್ಲ. ಮಹಾಯುದ್ಧಗಳಲ್ಲಿ ನಿಂತು, ಮತ್ತೆ ನಡೆದು, ಟೂರ್ನಿ 1984ಕ್ಕೆ ಕೊನೆಗೊಂಡಿತು. ಆ ಕಡೆಯ ವರ್ಷ ನಾಲ್ಕೂ ತಂಡಗಳಿಗೆ ಸಮನಾಗಿ ಮೂರು ಮೂರು ಅಂಕ. ಗೋಲುಗಳ ಲೆಕ್ಕದಲ್ಲಿ ಗೆದ್ದು ಕಪ್ಪನ್ನು ಶಾಶ್ವತವಾಗಿ ಮನೆಗೊಯ್ದದ್ದು ಅಂದು ಸೋತ ಐರ್ಲೆಂಡ್ ತಂಡವನ್ನು ಕಟ್ಟಿದ್ದ ಬೆಲ್‌ಫಾಸ್ಟ್‌ನ ಅದೇ ಸಂಸ್ಥೆಯ ತಂಡ, ಉತ್ತರ ಐರ್ಲೆಂಡ್.

ನಮ್ಮ ನೆಲಕ್ಕೆ ಈ ಆಟ ಬಂದದ್ದು ದಂಡಿನ ಜೊತೆಗೆ. 1888ರಲ್ಲಿ ಶಿಮ್ಲಾದಲ್ಲಿ ಡುರಾಂಡ್ ಕಪ್ ಶುರುವಾದಾಗ ಅಂತಿಮ ಪಂದ್ಯ ಆಡಿದ್ದು ಎರಡು ಸ್ಕಾಟಿಷ್ ಪಡೆಗಳು. ದಂಡಿದ್ದ ಬೆಂಗಳೂರಿನಲ್ಲೂ ಆಟ ಬೇರುಬಿಟ್ಟಿತು. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಮುಂಬಯಿಯ ರೋವರ್ಸ್ ಕಪ್ ಗೆದ್ದು ಬಂತು. 2023ರಲ್ಲಿ ಅದೇ ಬೆಂಗಳೂರಿನ ಕಂಠೀರವ ಕ್ರೀಡಾಂಗಣ ದಕ್ಷಿಣ ಏಷ್ಯಾದ ನೆರೆಹೊರೆಯವರ ಟೂರ್ನಿಗೆ ಆತಿಥ್ಯ ನೀಡಿತು. ಜೂನ್ 21ರಂದು ಪಾಕಿಸ್ತಾನದ ವಿರುದ್ಧ ಸುನಿಲ್ ಛೆಟ್ರಿ ಮೂರು ಗೋಲು ಹೊಡೆದರು, ಭಾರತ 4–0ಯಿಂದ ಗೆದ್ದಿತು. ಜುಲೈ 4ರ ಫೈನಲ್‌ನಲ್ಲಿ ಭಾರತ, ಅತಿಥಿ ತಂಡವಾಗಿ ಬಂದಿದ್ದ ಕುವೈತನ್ನು ಪೆನಾಲ್ಟಿಗಳಲ್ಲಿ ಮಣಿಸಿ ಒಂಬತ್ತನೇ ಸಲ ಪ್ರಶಸ್ತಿ ಎತ್ತಿತು.

ಆ ಬೆಂಗಳೂರಿಗೆ ಹೋಗುವ ಹೆದ್ದಾರಿಯಲ್ಲೇ ಇದೆ ಆಂಧ್ರ–ಕರ್ನಾಟಕ ಗಡಿಯ ಊರು ಕೊಡಿಕೊಂಡ. ತೆಂಕಣಕ್ಕೆ ಹೊರಟರೆ ಬಾಗೇಪಲ್ಲಿ, ಪಡುವಣಕ್ಕೆ ತಿರುಗಿದರೆ ಲೇಪಾಕ್ಷಿ, ಹಿಂದೂಪುರ. ಚೆಕ್‌ಪೋಸ್ಟಿನ ಬಳಿ ಚಹಾ ಕುಡಿಯುವ ಲಾರಿ ಚಾಲಕರು ಕನ್ನಡದಲ್ಲಿ ಶುರುಮಾಡಿದ ಮಾತನ್ನು ತೆಲುಗಿನಲ್ಲಿ ಮುಗಿಸುತ್ತಾರೆ. ಇಲ್ಲಿ ರಾಜ್ಯದ ಗಡಿ ಎಂದರೆ ಹೆದ್ದಾರಿಯ ಪಕ್ಕದ ಒಂದು ಬೋರ್ಡು. ಸಂತೆ, ನೆಂಟಸ್ತಿಕೆ, ಜಾತ್ರೆ ಎಲ್ಲವೂ ಅದನ್ನು ದಾಟಿ ನಡೆಯುತ್ತವೆ. ಆಟವೊಂದು ಯಾಕೆ ದಾಟಬಾರದು?

ಆಂಧ್ರದಿಂದ ಹಿಂದೂಪುರ, ಚಿಲಮತ್ತೂರು. ಕರ್ನಾಟಕದಿಂದ ಬಾಗೇಪಲ್ಲಿ, ಗೌರಿಬಿದನೂರು. ನಾಲ್ಕು ತಂಡ, ಆರು ಪಂದ್ಯ. ಸುಗ್ಗಿ ಮುಗಿದ ಮೇಲೆ ಶಾಲಾ ಮೈದಾನಗಳು ಸಾಕು, ಕಂಬಕ್ಕೆ ಬಲೆ ಇಲ್ಲದಿದ್ದರೂ ನಡೆಯುತ್ತದೆ. ಎರಡೂ ಕಡೆಯ ಕ್ರೀಡಾ ಇಲಾಖೆಗಳು, ದೈಹಿಕ ಶಿಕ್ಷಕರು, ಯುವಕ ಸಂಘಗಳು ಒಮ್ಮೆ ಕೂತು ನಿಯಮ ಬರೆದುಕೊಳ್ಳಲಿ. ಸೋತ ತಂಡವನ್ನು ಮರುವರ್ಷ ಮೊದಲು ಕರೆಯಬೇಕೆಂಬುದೂ ಅದರಲ್ಲಿರಲಿ.