ಚೀಟಿಯಿಲ್ಲದ ಅಕ್ಕಿ

೧೯೫೨ರ ಜೂನ್ ತಿಂಗಳಲ್ಲಿ ಮದರಾಸಿನ ಮುಖ್ಯಮಂತ್ರಿ ರಾಜಾಜಿಯವರು ಅಕ್ಕಿಯ ಪಡಿತರವನ್ನು ತೆಗೆದುಹಾಕಿದುದು ಸಾಮಾನ್ಯ ಸಾಹಸವಲ್ಲ. ೧೯೪೭ರ ಡಿಸೆಂಬರಿನಲ್ಲಿ, ಗಾಂಧೀಜಿಯವರ ಒತ್ತಾಯದ ಮೇರೆಗೆ ಧಾನ್ಯದ ನಿಯಂತ್ರಣ ಸಡಿಲಿಸಿದಾಗ ಬೆಲೆ ಗಗನಕ್ಕೇರಿ, ಮರುವರ್ಷವೇ ಮತ್ತೆ ಬಿಗಿಗೊಳಿಸಬೇಕಾಗಿದ್ದಿತು.

ಆದರೆ ನಿಯಂತ್ರಣವೂ ನಿರಪಾಯವಾಗಿರಲಿಲ್ಲ. ನಿಗದಿಯಾದ ಅಗ್ಗದ ದರಕ್ಕೆ ಮಾರಲೊಲ್ಲದವರ ಭತ್ತ ಕಣಜದಲ್ಲಿಯೇ ಉಳಿಯಿತು. ವರ್ತಕನ ಮೂಟೆ ಹಿಂಬಾಗಿಲಿನಿಂದ ಕಾಳಸಂತೆಗೆ ಸಾಗಿತು. ಗೊತ್ತುಮಾಡಿದ ಅಂಗಡಿಯವನು ಕಲ್ಲು ಬೆರೆತ ಅಕ್ಕಿಯನ್ನು ಅಳೆದರೂ ಗಿರಾಕಿ ಬೇರೆಲ್ಲಿಗೆ ಹೋದಾನು?

ನಿರ್ಬಂಧ ಹೋದೊಡನೆ ಅಡಗಿದ್ದ ಧಾನ್ಯ ಪೇಟೆಗೆ ಬಂದಿತು. ಕೇಂದ್ರದ ಆಹಾರ ಸಚಿವ ರಫಿ ಅಹಮದ್ ಕಿದ್ವಾಯಿಯವರು ಇದೇ ಹಾದಿ ಹಿಡಿದು, ೧೯೫೪ರ ವೇಳೆಗೆ ದೇಶದಾದ್ಯಂತ ಪಡಿತರಕ್ಕೆ ವಿದಾಯ ಹೇಳಿದರು. ಕೀರ್ತಿಯೆಲ್ಲವೂ ನೀತಿಗೇ ಸಲ್ಲದು; ಈ ಬಾರಿ ಮಳೆ ಕೈಹಿಡಿದಿದ್ದಿತು, ಸರ್ಕಾರದ ಉಗ್ರಾಣದಲ್ಲಿ ದಾಸ್ತಾನಿದ್ದಿತು. ೧೯೪೭ರಲ್ಲಿ ಆ ಆಸರೆಯಿರಲಿಲ್ಲ.